ನೀಲಿ ಅಂಗಿಯ ಹುಳ

ಮಾರ್ಚ್ 3, ಬೆಳಿಗ್ಗೆ

ಸೋಮವಾರದ ಕೆಲಸ. ಬಾಯಿಗೆ ಜಾಲರಿ ಕಟ್ಟಿದ ವ್ಯಾಕ್ಯೂಮ್, ಮೆತ್ತನೆ ಬ್ರಷ್, ಮಂಡಿಯ ಕೆಳಗೆ ಹಳೇ ದಿಂಬು. ಹಾಲ್‌ನ ಗೋಡೆಗೆ ತೂಗುಹಾಕಿದ ಉಣ್ಣೆ ನೇಯ್ಗೆಯ ಚಿತ್ರ, ನನ್ನ ಟೇಪೆಸ್ಟ್ರಿ — ತಲೆ ಬಗ್ಗಿಸಿ ಮೇಯುವ ಜಿಂಕೆ, ಹಿಂದೆ ನೀಲಿ ಕಾಡು. ಅಂಚು ಎತ್ತಿ ನೋಡಿದೆ. ಜಿಂಕೆಗೆ ಒಂದು ಕಿವಿ ಇಲ್ಲ! ಉಣ್ಣೆ ಹೋಗಿ ಬರೀ ಅಡಿಯ ಹತ್ತಿ ನೂಲು ನಿಂತಿದೆ. ಕೆಳಗೆ ಮರಳಿನಂಥ ಪುಡಿ.

ನುಸಿ.

ಅತ್ತೆ ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದರು. "ಏನಾಯ್ತೇ, ನಿನ್ನ ಗೋಡೆಗಂಬಳಿಗೆ?"

ಮಾರ್ಚ್ 4

ಹಳೆ ಬಟ್ಟೆಗಳ ರಿಪೇರಿ ಮಾಡುವವಳು ಬಂದಿದ್ದಳು. ಕಿವಿ ಮತ್ತೆ ನೇಯಬಹುದು, ಮೊದಲು ಹುಳ ಸಾಯಬೇಕು ಅಂದಳು. ಪಾಲಿಥಿನ್‌ನಲ್ಲಿ ಸುತ್ತಿ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ. ಆಮೇಲೆ ಸಹಜವಾಗಿ ಕೇಳಿದಳು — "ಇತ್ತೀಚೆಗೆ ಮನೆಗೆ ಹಳೇ ಉಣ್ಣೆ ಬಟ್ಟೆ ಏನಾದ್ರೂ ಬಂತಾ?"

ಅತ್ತೆಯ ಕೋಣೆಯ ಕಡೆ ನೋಡಿದೆ, ಅಷ್ಟೇ. ಜನವರಿಯಲ್ಲಿ ನಮ್ಮ ಜೊತೆ ಇರೋಕೆ ಬಂದಾಗ ಅವರು ತಂದ ಟ್ರಂಕು ಅಲ್ಲಿದೆ. ತುಂಬ ಶಾಲು, ಸ್ವೆಟರ್.

ಅತ್ತೆ ಬಾಗಿಲಲ್ಲೇ ಇದ್ದರು. ನಾನು ನೋಡಿದ್ದನ್ನು ಅವರು ನೋಡಿದರು. ಬಾಯಿಬಿಟ್ಟು ಅಂದಿದ್ದರೆ ಜಗಳವಾಡಬಹುದಿತ್ತು. ನೋಟದ ಜೊತೆ ಯಾರು ಜಗಳವಾಡ್ತಾರೆ?

ಮಾರ್ಚ್ 5

ಟೆರೇಸಿನ ತುಂಬ ಅತ್ತೆಯ ಶಾಲುಗಳು. ಎಲ್ಲ ಬಿಳಿ, ಇಲ್ಲ ಬೂದಿ. ಬಣ್ಣದ್ದು ಕಣ್ಣಿಗೆ ಚುಚ್ಚುತ್ತೆ ಅಂತ ಅವರು ಮೊದಲಿಂದಲೂ ತೊಡೋದಿಲ್ಲ. ಮಧ್ಯಾಹ್ನ ಒಂದು ಬಿಳಿ ಶಾಲನ್ನು ಕವರಿನಲ್ಲಿ ಹಾಕಿ ತಂದು ನನ್ನ ಮೇಜಿನ ಮೇಲಿಟ್ಟರು.

"ನೋಡು, ತೂತಾಗಿದೆ. ಹುಳವೂ ಇದೆ. ನನ್ನದರಿಂದಲೇ ಬಂದಿರ್ಬೇಕು."

"ಹಾಗೇನಿಲ್ಲ ಅತ್ತೆ..." ಎಷ್ಟು ಮೆಲ್ಲಗೆ ಅಂದೆನೆಂದರೆ ನನಗೇ ಕೇಳಿಸಲಿಲ್ಲ.

ಸಂಜೆ ಅತ್ತೆ ತಮ್ಮ ಮಗಳಿಗೆ ಫೋನ್ ಮಾಡಿದರು. ಮುಂದಿನ ಬುಧವಾರ ಅಲ್ಲಿಗೆ ಹೊರಡ್ತಾರಂತೆ. "ಎಷ್ಟು ದಿನಕ್ಕೆ?" ಅಂತ ಇವರು ಕೇಳಿದ್ದಕ್ಕೆ, "ಟ್ರಂಕು ತಗೊಂಡು ಹೋಗ್ತೀನಪ್ಪ" ಅಂದರು.

ಇವರು ನನ್ನ ಕಡೆ ತಿರುಗಿ, "ನಿಮ್ಮಿಬ್ಬರ ಮಧ್ಯೆ ಏನಾಯ್ತು?"

"ಏನೂ ಆಗಿಲ್ಲ." ನಿಜವೇ. ಏನೂ ಆಗಿಲ್ಲವೆನ್ನುವುದೇ ತೊಂದರೆ.

ಮಾರ್ಚ್ 9

ಬರೆಯೋಕೆ ಮನಸ್ಸಿರಲಿಲ್ಲ. ಟೇಪೆಸ್ಟ್ರಿ ಸುರುಳಿ ಸುತ್ತಿ, ಗಾಳಿ ಹೋಗದಂತೆ ಟೇಪ್ ಅಂಟಿಸಿ, ಇವರ ಜೊತೆ ಮೂಲೆಯ ಐಸ್‌ಕ್ರೀಮ್ ಅಂಗಡಿಗೆ ಹೊತ್ತುಕೊಂಡು ಹೋದೆ. ಹಿಂದಿನ ದೊಡ್ಡ ಫ್ರೀಜರ್ ಅರ್ಧ ಖಾಲಿ ಇತ್ತು.

ಅಂಗಡಿಯವರು ಸುರುಳಿಯನ್ನು ಮೇಲಿಂದ ಕೆಳಗೆ ನೋಡಿದರು. "ಮೇಡಂ, ಒಳಗೆ ಹೆಣ ಗಿಣ ಇಲ್ಲ ತಾನೆ?"

"ಜಿಂಕೆ" ಅಂದರು ಇವರು.

ಅಂಗಡಿಯವರ ಮುಖ ಬಿಳಿಚಿಕೊಂಡಿತು. ಬಟ್ಟೆ, ಚಿತ್ರದ ಜಿಂಕೆ ಅಂತ ಬಿಡಿಸಿ ಹೇಳಬೇಕಾಯಿತು. ಬೇರೆ ದಿನವಾಗಿದ್ದರೆ ಮನೆಗೆ ಬಂದು ಅತ್ತೆಗೆ ಹೇಳಿ ನಗುತ್ತಿದ್ದೆ. ಇವತ್ತು ಹೋದರೆ ಅವರ ಕೋಣೆಯ ಬಾಗಿಲು ಹಾಕಿತ್ತು. ಒಳಗೆ ಟ್ರಂಕಿನ ಸದ್ದು.

ಮಾರ್ಚ್ 10, ಮಧ್ಯಾಹ್ನ

ನಿಧಾನವಾಗಿ ಬರೀಬೇಕು.

ಅತ್ತೆಯ ಶಾಲನ್ನೂ ಫ್ರೀಜರ್‌ಗೆ ಕೊಡೋಣ ಅಂತ ಕವರ್ ತೆಗೆದೆ. ನೇಯ್ಗೆ ನೋಡುವ ಭೂತಗನ್ನಡಿ ಕೈಲೇ ಇತ್ತು. ಈ ಜಾತಿಯ ಮರಿಹುಳ ತಾನು ತಿಂದ ಉಣ್ಣೆಯಿಂದಲೇ ಮೈಗೊಂದು ಅಂಗಿ ನೇಯ್ದುಕೊಳ್ಳುತ್ತೆ. ಅಕ್ಕಿಕಾಳಿನಷ್ಟು ಕೊಳವೆ. ಬೆಳೆದ ಹಾಗೆ ಎರಡು ತುದಿಗೂ ಹೊಸ ಉಣ್ಣೆ ಸೇರಿಸುತ್ತೆ.

ಬಿಳಿ ಶಾಲಿನ ಮೇಲಿದ್ದ ಹುಳಗಳ ಅಂಗಿ ನೀಲಿ! ನಡುವೆ ನೀಲಿ, ತುದಿಯಲ್ಲಿ ಮಾತ್ರ ಬಿಳಿ. ನನ್ನ ಕಾಡಿನ ನೀಲಿ.

ಅಂದರೆ ಹುಟ್ಟಿದ್ದು ಟೇಪೆಸ್ಟ್ರಿಯಲ್ಲಿ. ಅತ್ತೆಯ ಶಾಲಿಗೆ ಬಂದಿದ್ದು ಆಮೇಲೆ.

ನನಗೆ ಬೇಕಾದದ್ದನ್ನೇ ಕಾಣ್ತಿದ್ದೀನಾ? ಸ್ಟೂಲ್ ಹಾಕಿ ಅಟ್ಟದಿಂದ ಹರಾಜಿನ ಚೀಲ ಇಳಿಸಿದೆ. ಡಿಸೆಂಬರ್‌ನಲ್ಲಿ ಹರಾಜಿನಲ್ಲಿ ಕೊಂಡ ಟೇಪೆಸ್ಟ್ರಿ ಬಂದದ್ದು ಅದರಲ್ಲಿ. ಅಂದೇ ಬಾಯಿ ಗಂಟು ಹಾಕಿ ಅಟ್ಟಕ್ಕೆ ಎಸೆದಿದ್ದೆ. ಅತ್ತೆ ಆಗಿನ್ನೂ ಬಂದಿರಲಿಲ್ಲ. ಗಂಟು ಬಿಚ್ಚಿದೆ. ತಳದಲ್ಲಿ ಒಣಗಿದ ನೀಲಿ ಕೊಳವೆಗಳು.

ಹೊಸದಾಗಿ ಕೊಂಡದ್ದನ್ನು ಒಂದು ತಿಂಗಳು ಬೇರೆಯಾಗಿ ಇಡಿ ಅಂತ ಹಳೇ ನೇಯ್ಗೆ ಕೂಡಿಡುವವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಉಪದೇಶ ಮಾಡೋಳು ನಾನು. ಈ ಜಿಂಕೆ ಬಂದ ದಿನವೇ ಮೊಳೆ ಹೊಡೆಸಿ ಗೋಡೆಗೆ ಹಾಕಿದ್ದೆ. ತಡೆಯೋಕಾಗಲಿಲ್ಲ.

ತಪ್ಪು ಪೂರಾ ನನ್ನದು. ಎಷ್ಟು ಹಗುರ ಅನ್ನಿಸ್ತಿದೆ! ನಾಚಿಕೆ ಆಮೇಲೆ ಬರಬಹುದು, ಬರಲಿ.

ಮಾರ್ಚ್ 11, ಸಂಜೆ

ಹೇಳಿದೆ. ಭೂತಗನ್ನಡಿ ಕೊಟ್ಟು ಅತ್ತೆಗೇ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಅಂದ್ರೆ ನಿನ್ನ ಹುಳ ನನ್ನ ಶಾಲು ತಿಂದಿದ್ದು."

"ಹೌದು ಅತ್ತೆ."

"ನೀಲಿ ಕೋಟು ಹಾಕ್ಕೊಂಡು ಊಟಕ್ಕೆ ಬಂದಿವೆ ಕಳ್ಳ ಮುಂಡೇವು."

ನಗು ಬಂತು. ನಗಲು ಧೈರ್ಯ ಬರಲಿಲ್ಲ. "ಅವತ್ತು ನಾನು ನಿಮ್ಮ ಕೋಣೆ ಕಡೆ ನೋಡಬಾರದಿತ್ತು."

"ನೋಡಿದ್ದಕ್ಕಲ್ಲ ಕಣೇ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಕೇಳಲಿಲ್ಲವಲ್ಲ, ಅದಕ್ಕೆ. 'ಅತ್ತೆ, ನಿಮ್ಮ ಟ್ರಂಕು ತೆಗೀರಿ ನೋಡೋಣ' ಅಂದಿದ್ರೆ ಬೈದು ತೆಗೀತಿದ್ದೆ. ಬೈಯೋಕಾದ್ರೂ ಒಂದು ದಾರಿ ಬೇಡ್ವಾ ನಂಗೆ?"

ಅವರ ಮಂಚದ ಮೇಲೆ ಕೂತೆ. ಅತ್ತೆ ಮಗಳಿಗೆ ಫೋನ್ ಹಚ್ಚಿದರು. "ನಾಳೆ ಬರೋದಿಲ್ಲಮ್ಮ. ಹೂಂ... ಇಲ್ಲೇ ಸ್ವಲ್ಪ ಕೆಲಸ ಬಂತು." ಫೋನಿಟ್ಟು ಟ್ರಂಕಿನ ಕಡೆ ಗಲ್ಲ ತೋರಿಸಿದರು. "ಕಟ್ಟೋಕೆ ಮಂಡಿ ಸಹಕರಿಸ್ತು. ಬಿಚ್ಚೋಕೆ ಆಗಲ್ಲ. ನೀನೇ ಬಿಚ್ಚು."

ಬಿಚ್ಚಿದೆ. ಹುಳವಿಲ್ಲದ ಶಾಲುಗಳನ್ನು ನನ್ನ ಬೀರುವಿನಲ್ಲೇ ಇಡೋಣ ಅಂದೆ, ಅಲ್ಲಾದರೆ ಒಟ್ಟಿಗೇ ನೋಡಿಕೊಳ್ಳಬಹುದು. ಒಪ್ಪಿದರು. ಈಗ ಅಲ್ಲಿಂದಲೇ ಕೂಗ್ತಿದ್ದಾರೆ — ಮೇಲಿನ ಅರೆ ಕೈಗೆ ಎಟುಕಲ್ಲವಂತೆ, ಕೆಳಗಿನದು ಬೇಕಂತೆ. ಅಲ್ಲಿ ನನ್ನ ಕಸೂತಿ ತುಂಡುಗಳಿವೆ, ಅವನ್ನು ಎತ್ತಿ ಮೇಲಿಡಬೇಕು. ಮತ್ತೆ ಕೂಗಿದರು, ಹೊರಟೆ.