ಪಾಲಕ, ಚಾಲಕನಲ್ಲ

ನಿಮಿಷ ಎಣಿಸಿ ವಿಷ ಉಣಿಸುವ ಪಾರ್ಕಿಂಗ್ ಕಂಪನಿಯ ಮಹಾಪ್ರಭುಗಳೇ,

ನಿಮ್ಮ ದಂಡದ ನೋಟಿಸು ತಲುಪಿತು. ವಿಟ್ಬಿ ಊರಿನ ಅಂಗಡಿಯೊಂದರ ಹಿಂದೆ, ನಿಮ್ಮ ಜಾಗದಲ್ಲಿ, ನನ್ನ ಕಾರು ಹೊತ್ತು ಮೀರಿ ನಿಂತಿತ್ತಂತೆ. ನೂರು ಪೌಂಡ್ ಕಟ್ಟಬೇಕಂತೆ. ಕಟ್ಟುವುದಿಲ್ಲ. ಸರ್ಕಾರಿ ದಾಖಲೆಯಲ್ಲಿ ಆ ಕಾರು ನನ್ನ ಹೆಸರಿನಲ್ಲಿದೆ, ಅಂದರೆ ನಾನು ಅದರ ಪಾಲಕ; ಅಂದಿನ ಚಾಲಕನಲ್ಲ. ಪಾಲಕನಿಂದ ವಸೂಲಿ ಮಾಡಬೇಕಾದರೆ ಇಂಥ ನೋಟಿಸು ಹದಿನಾಲ್ಕು ದಿನದೊಳಗೆ ಅವನ ಕೈ ಸೇರಬೇಕು ಎನ್ನುತ್ತದೆ ಕಾನೂನು. ನಿಮ್ಮದು ತಿಂಗಳು ಕಳೆದ ಮೇಲೆ ತೂಕಡಿಸುತ್ತ ಬಂದಿದೆ. ತಡ ನಿಮ್ಮದು, ದಂಡ ನನಗೆ; ಎಂಥ ನ್ಯಾಯ!

ಫೋನ್ ಮಾಡಿದರೆ ನಿಮ್ಮ ಕಚೇರಿಯ ಹೆಂಗಸು, "ಓಡಿಸಿದ್ದು ಯಾರು ಅಂತ ಹೇಳ್ಬಿಡಿ ಸರ್, ನಿಮ್ಮನ್ನ ಬಿಟ್ಬಿಡ್ತೀವಿ," ಎಂದಳು.

"ಹೇಳಲ್ಲ ಕಣಮ್ಮ. ಹೇಳಲೇಬೇಕು ಅಂತ ಎಲ್ಲೂ ಬರೆದಿಲ್ಲ."

"ಅಯ್ಯೋ, ನಿಮ್ಮ ಕಾರು ಯಾರ ಹತ್ರ ಇದೆ ಅಂತ ನಿಮಗೇ ಗೊತ್ತಿಲ್ವಾ?" ಎಂದು ನಕ್ಕಳು.

ಆ ನಗೆಗೆ ನಾನು ನಿಮಗೇ ದಂಡ ಹಾಕಬೇಕು. ಕೋರ್ಟಿಗೆ ಕರೆಯಿರಿ, ಬರುತ್ತೇನೆ. ನನ್ನ ಬಾಯಿಂದ ಹೆಸರು ಬರುವುದಿಲ್ಲ.

ಗೊತ್ತು. ಕಾರು ನನ್ನ ಮಗಳ ಹತ್ತಿರ ಇದೆ. ನಾನು ಆಡಬಾರದ ಮಾತು ಆಡಿದೆ. ಅವಳು ಬೀಗದ ಕೈ ತೆಗೆದುಕೊಂಡು ಹೊರಟುಹೋದಳು. ಒಂದು ವರ್ಷದಿಂದ ಸುದ್ದಿಯಿಲ್ಲ. ವಿಟ್ಬಿಯಲ್ಲಿದ್ದಾಳೆಂದು ತಿಳಿದದ್ದೇ ನಿಮ್ಮ ನೋಟಿಸಿನಿಂದ. ನೀವು ಕಳಿಸಿದ ಫೋಟೋದಲ್ಲಿ ನಂಬರ್ ಪ್ಲೇಟ್ ಮಾತ್ರ ಕಾಣುತ್ತದೆ. ಮುಖ ಕಾಣುವಂಥದ್ದು ಇದ್ದರೆ ಒಂದು ಕಳಿಸಿ. ದಂಡ ಕಟ್ಟಿಬಿಡುತ್ತೇನೆ.

ಇತಿ,
ಡೆಸ್ಮಂಡ್ ಥ್ವೇಟ್
ಪಾಲಕ