ಕಾಗದದ ಟೀಪಾಯಿ

ಮನೆಯಿಂದ
ಹದಿನೇಳನೇ ತಾರೀಖು, ಶನಿವಾರ ಮಧ್ಯಾಹ್ನ

ನನ್ನ ದೊರೆಸಾನಿಗೆ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹಳೆಯ ಪುಸ್ತಕಗಳ ಧೂಳು ನಿನಗೆ ಆಗುವುದಿಲ್ಲವೆಂದು ಗೊತ್ತಿದ್ದೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಕಪಾಟಿನೊಳಗೆ ತಲೆ ಹಾಕುತ್ತೀಯ. ನಾನು ಹೊಲಿದು ಕಳಿಸಿದ ಆರು ಕರವಸ್ತ್ರಗಳಲ್ಲಿ ನೀನು ಪುಸ್ತಕ ಒರೆಸುತ್ತಿದ್ದೀಯ ಎಂದು ನನಗೆ ಬಲವಾದ ಅನುಮಾನ. ಇಲ್ಲಿ ನಾನು ಕ್ಷೇಮ. ಅಮ್ಮನಿಗೆ ಮೊಣಕಾಲು ನೋವು ಬಿಟ್ಟರೆ ಮತ್ತೇನಿಲ್ಲ. ಕಾಲು ನಿಧಾನವಾದಷ್ಟೂ ಬಾಯಿ ಚುರುಕಾಗಿದೆ. ನಿನ್ನ ಪತ್ರ ಬಂದು ಮೂರು ವಾರ ದಾಟಿತು. ಇಷ್ಟು ದಿನ ಉತ್ತರ ಬರೆಯದೇ ಇದ್ದದ್ದಕ್ಕೆ ಬೈಯಬೇಡ. ಅದಕ್ಕೆ ಕಾರಣ ಒಂದು ಟೀಪಾಯಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಆ ವಿಷಯ ಎತ್ತುವುದಿಲ್ಲ. ಅಲ್ಲಿನ ಗ್ರಂಥಾಲಯಕ್ಕೆ ನೀನೇ ಖಾಯಂ ಮುಖ್ಯಸ್ಥೆಯಾಗಿ ಉಳಿಯುತ್ತೀಯಾ, ಇಲ್ಲ ಇಲ್ಲಿನ ಹಳೆಯ ಕೆಲಸಕ್ಕೆ ವಾಪಸು ಬರುತ್ತೀಯಾ ಎಂದು ನಿನ್ನ ಮೇಲಿನವರು ಕೇಳಿದ್ದಾರೆ, ಈ ತಿಂಗಳ ಮೂವತ್ತನೇ ತಾರೀಖಿನೊಳಗೆ ಬರೆದುಕೊಡಬೇಕು, ಗೊತ್ತಾಯಿತು. "ಅಲ್ಲೀವರೆಗೂ ನನ್ನ ಏನೂ ಕೇಳ್ಬೇಡಿ, ನಾನೇ ಯೋಚನೆ ಮಾಡ್ತೀನಿ" ಎಂದು ಬರೆದಿದ್ದೀಯ. ಸರಿ, ಬಾಯಿಗೆ ಬೀಗ. ಆರು ತಿಂಗಳ ಮಟ್ಟಿಗೆ ಎಂದು ಹೋದವಳು ಅಲ್ಲೇ ಉಳಿದುಬಿಡುತ್ತಾಳೇನೋ ಎಂದು ಇಲ್ಲೊಬ್ಬನ ಎದೆ ಹೊಡೆದುಕೊಳ್ಳುತ್ತಿರುವುದನ್ನೂ ಬರೆಯುವುದಿಲ್ಲ. ಟೀಪಾಯಿಯ ಸಮಾಚಾರ ಮಾತ್ರ ಬರೆಯುತ್ತೇನೆ.

ಮುಂದಿನ ಕೋಣೆಯಲ್ಲಿದ್ದ ನನ್ನ ಬಟ್ಟೆ ಕತ್ತರಿಸುವ ಮೇಜನ್ನು ಹಿಂದಿನ ಕೋಣೆಗೆ ಸಾಗಿಸಿದೆ. ಹೌದು, ಅದೇ ಎಂಟು ಅಡಿಯ ಮೇಜು. ನಾವು ಮದುವೆಯಾದ ವರ್ಷ "ಒಂದು ತಿಂಗಳು ಇಲ್ಲಿರಲಿ, ಆಮೇಲೆ ಬೇರೆ ಜಾಗ ನೋಡೋಣ" ಎಂದು ತಂದಿಟ್ಟದ್ದು. ಆ ಒಂದು ತಿಂಗಳು ಹದಿನಾಲ್ಕು ವರ್ಷ ನಡೆಯಿತು. ಮೇಜು ಹೋದ ಮೇಲೆ ನೋಡಿದರೆ ನಮ್ಮ ಮುಂದಿನ ಕೋಣೆಗೆ ಎಷ್ಟು ದೊಡ್ಡ ಕಿಟಕಿ ಇದೆ ಗೊತ್ತೇ? ಬಟ್ಟೆಯ ಸುರುಳಿಗಳ ಹಿಂದೆ ಅದರ ಅರ್ಧ ಭಾಗ ಮುಚ್ಚಿಹೋಗಿತ್ತು. ನಾಲ್ಕು ಗಂಟೆಯ ಬಿಸಿಲು ನಿಧಾನವಾಗಿ ಒಳಗೆ ಬಂದು, ನೆಲವನ್ನೆಲ್ಲ ಸುತ್ತಿ, ಗೋಡೆ ಹತ್ತಿ ಹೋಗುತ್ತದೆ. ಹದಿನಾಲ್ಕು ವರ್ಷ ಈ ಬಿಸಿಲು ದಿನವೂ ಬಂದು ನನ್ನ ಮೇಜಿಗೆ ತಾಗಿ ವಾಪಸು ಹೋಗಿದೆ, ನೀನು ಅಡುಗೆಮನೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕುಳಿತು ಪುಸ್ತಕ ಓದಿದ್ದೀಯ. ನಾನು ಒಂದು ದಿನವೂ ತಲೆಯೆತ್ತಿ ನೋಡಲಿಲ್ಲ. ಬರೆಯುವಾಗ ನಾಚಿಕೆಯಾಗುತ್ತದೆ.

ಆ ಖಾಲಿ ನೆಲ ನೋಡುತ್ತಾ ಕುಳಿತವನಿಗೆ ಅಲ್ಲೊಂದು ಟೀಪಾಯಿ ಇರಬೇಕು ಅನ್ನಿಸಿತು. ಕಿಟಕಿಯ ಪಕ್ಕ ನಿನ್ನ ಬೆತ್ತದ ಕುರ್ಚಿ, ಅದರ ಮುಂದೆ ಟೀಪಾಯಿ, ಅದರ ಮೇಲೆ ನಿನ್ನ ಪುಸ್ತಕ, ಕನ್ನಡಕ, ಆರಿಹೋದ ಟೀ. ಅಂಗಡಿಗಳಿಗೆ ಹೋದೆ. ಒಂದರಲ್ಲಿ ಗಾಜಿನದು ತೋರಿಸಿದರು. ಅದರ ಕೆಳಗೆ ನನ್ನದೇ ಪಾದಗಳು ಕಾಣುತ್ತಿದ್ದವು, ಬೇಡ ಎಂದೆ. ಇನ್ನೊಂದರಲ್ಲಿ ಒಂದರ ಹೊಟ್ಟೆಯಲ್ಲಿ ಒಂದು ಸೇರಿಕೊಳ್ಳುವ ಮೂರು ಮೇಜುಗಳ ಸೆಟ್ಟು. ಮತ್ತೊಂದರ ಮೂಲೆಗಳು ಎಷ್ಟು ಚೂಪಾಗಿದ್ದವೆಂದರೆ, ನಡೆಯುತ್ತಲೇ ಓದುವ ನಿನ್ನ ಕಾಲಿಗೆ ದಿನಕ್ಕೆರಡು ಗಾಯ ಖಂಡಿತ. ಅಳೆದೂ ಸುರಿದೂ ಸಾಕಾಗಿ, ಬಡಗಿಯ ಕೈಲೇ ಮಾಡಿಸುವುದೆಂದು ನಿರ್ಧರಿಸಿದೆ. ಆದರೆ ಯಾವ ಆಕಾರ, ಎಷ್ಟು ಉದ್ದ? ನನಗೆ ಗೊತ್ತಿರುವುದು ಒಂದೇ ದಾರಿ. ಮೊದಲು ಕಾಗದದಲ್ಲಿ ಕತ್ತರಿಸಿ ನೋಡುವುದು.

ಹಾಗಾಗಿ ನಮ್ಮ ಮನೆಗೆ ಮೊದಲು ಬಂದದ್ದು ಕಾಗದದ ಟೀಪಾಯಿ. ಹಳೆಯ ಪತ್ರಿಕೆಗಳನ್ನು ಅಂಟಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೊದಲು ದುಂಡಗೆ ಒಂದು ಕತ್ತರಿಸಿದೆ. ನೆಲದ ಮೇಲೆ ಹಾಸಿ ಎರಡು ದಿನ ನೋಡಿದೆ, ದೊಡ್ಡ ತಟ್ಟೆಯ ಹಾಗೆ ಕಂಡಿತು. ಆಮೇಲೆ ಚೌಕ, ಅದು ಬಿಸಿಲಿಗೆ ಅಡ್ಡ ನಿಂತ ಹಾಗಿತ್ತು. ಕೊನೆಗೆ ಮೊಟ್ಟೆಯಾಕಾರದ್ದು. ಅದನ್ನು ಹಾಸಿದ ಸಂಜೆ ಬಿಸಿಲು ಅದರ ಒಂದು ತುದಿಯಿಂದ ಒಳಗೆ ಬಂದು ಇನ್ನೊಂದು ತುದಿಯಿಂದ ಇಳಿದು ಹೋಯಿತು. ನಾನು ಗೋಡೆಗೆ ಒರಗಿ ಕುಳಿತವನು ಹಾಗೇ ಕುಳಿತೆ. ಯಂತ್ರದ ಮೇಲೆ ಶಾಲೆಯ ಸಮವಸ್ತ್ರಗಳು ರಾಶಿ ಬಿದ್ದಿದ್ದವು. ಬಿದ್ದಿರಲಿ ಅನ್ನಿಸಿತು. ನೀನು ಕಾಲು ಮಡಚಿ ಕುರ್ಚಿಯಲ್ಲಿ ಕುಳಿತು ಪುಟ ತಿರುಗಿಸಿದ ಸದ್ದು ಕೇಳಿಸಿತು. ನೋಡಿದರೆ ಗಾಳಿಗೆ ಟೀಪಾಯಿಯ ಅಂಚು ಎದ್ದಿತ್ತು. ಕತ್ತರಿಯನ್ನು ಅದರ ಮೇಲಿಟ್ಟು ಮತ್ತೆ ಕುಳಿತೆ.

ಹತ್ತು ದಿನ ನಾವು ಆ ಕಾಗದದ ಸುತ್ತ ಸಂಸಾರ ಮಾಡಿದೆವು. ನಾನು ಅದನ್ನು ತುಳಿಯುತ್ತಿರಲಿಲ್ಲ, ಸುತ್ತಿಕೊಂಡೇ ಹೋಗುತ್ತಿದ್ದೆ. ಅಮ್ಮ ಮೊದಲು "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋನು ನೀನು" ಎಂದು ನಕ್ಕಳು. ಮೂರನೇ ದಿನ ನೋಡುತ್ತೇನೆ, ತಾನೂ ಗೋಡೆ ಹಿಡಿದುಕೊಂಡು ಸುತ್ತು ಹಾಕಿಯೇ ಹೋಗುತ್ತಿದ್ದಾಳೆ. ಅಂಚೆಯವನು ಒಳಗೆ ಬಂದು ಅದರ ಮೇಲೆ ಕಾಲಿಟ್ಟದ್ದಕ್ಕೆ "ಕಣ್ಣು ಕಾಣಲ್ವಾ, ಟೀಪಾಯಿ ಮೇಲೆ ನಿಂತಿದ್ದೀಯಲ್ಲ!" ಎಂದು ಗದರಿದಳು. ಆ ಮನುಷ್ಯ ಹೆದರಿ ಕೆಳಗಿಳಿದ! ನಿಜವಾಗಿಯೂ ಒಂದು ಕಾಲು ಎತ್ತಿ, ಮೆಟ್ಟಿಲು ಇಳಿಯುವ ಹಾಗೆ ಇಳಿದ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಈಗ ನನ್ನ ಪೆದ್ದುತನ ಕೇಳು. ನೆಲದ ಮೇಲಿನ ಕಾಗದ ಹತ್ತು ದಿನಕ್ಕೆ ಮಾಸಿಹೋಗಿತ್ತು. ಬಡಗಿಗೆ ಕೊಡಲು ಹೊಸದೊಂದನ್ನು ಕತ್ತರಿಸಿದೆ. ಕೈಗೆ ಅದರದೇ ಅಭ್ಯಾಸ ಇರುತ್ತದಲ್ಲ. ಸುತ್ತ ಒಂದಿಂಚು ಹೊಲಿಗೆಗೆ ಎಂದು ಬಿಟ್ಟೆ. ಮಕ್ಕಳ ಅಂಗಿಗೆ ಬಿಡುವ ಹಾಗೆ, ಮುಂದೆ ಬೇಕಾದರೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಲಿ ಎಂದು ಇನ್ನೊಂದಿಂಚು. ನನಗೆ ಗೊತ್ತೇ ಆಗಲಿಲ್ಲ. ಬಡಗಿ ಮಿತಭಾಷಿ, ಕಾಗದದಲ್ಲಿ ಇದ್ದಷ್ಟನ್ನೂ ಕೂದಲೆಳೆ ತಪ್ಪದೆ ಮರದಲ್ಲಿ ಇಳಿಸಿದ. ಮೊನ್ನೆ ಗುರುವಾರ ಟೀಪಾಯಿ ಬಂತು. ಎಷ್ಟು ಚೆನ್ನಾಗಿದೆ ಎಂದರೆ, ಕೈಯಿಟ್ಟರೆ ತೆಗೆಯಲು ಮನಸ್ಸು ಬರುವುದಿಲ್ಲ. ಆದರೆ ಬಾಗಿಲು ತೆರೆಯುವುದಕ್ಕೆ ನಾನು ಬಿಟ್ಟಿದ್ದದ್ದು ಒಂದು ಬೆರಳಿನಷ್ಟು ಜಾಗ, ಟೀಪಾಯಿ ಬೆಳೆದದ್ದು ಎರಡೂ ತುದಿ ಸೇರಿ ನಾಲ್ಕು ಇಂಚು. ಈಗ ಮುಂಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಆಚೆ ತಳ್ಳೋಣವೆಂದರೆ ನಿನ್ನ ಕುರ್ಚಿಗೆ ಜಾಗವಿಲ್ಲ. ಪ್ಯಾಂಟಿಗೆ ಅಳತೆ ಕೊಡಲು ಬಂದ ದಪ್ಪನೆಯ ಗಿರಾಕಿಯೊಬ್ಬರು ಸಂದಿಯಲ್ಲಿ ಸಿಕ್ಕಿಕೊಂಡಾಗ ಅಮ್ಮ ಒಳಗಿನಿಂದಲೇ "ಸೊಂಟದ ಅಳತೆ ಬಾಗಿಲೇ ತಗೊಳ್ತು ಬಿಡು" ಎಂದಳು. ಸುತ್ತ ಒಂದಿಷ್ಟು ಕತ್ತರಿಸಿ ಕೊಡು ಎಂದು ಬಡಗಿಯನ್ನು ಕೇಳಿದೆ. ಅಂಚಿನ ಕೆತ್ತನೆಯೆಲ್ಲ ಹೋಗುತ್ತದಂತೆ. "ಒಳಗೆ ಮಡಚೋಕೆ ಇದೇನು ಬಟ್ಟೆನಾ?" ಎಂದ. ಅವನು ಒಂದು ವಾರದಲ್ಲಿ ಆಡಿದ ಮಾತು ಅಷ್ಟೇ.

ನಿನ್ನೆ ನಾನು ಬಾಗಿಲಿನ ಸಂದಿ ಅಳೆಯುತ್ತಾ ಕುಳಿತಿದ್ದಾಗ ಅಮ್ಮ ಬಂದು ಪಕ್ಕದಲ್ಲಿ ನಿಂತಳು. ಬೈಗುಳಕ್ಕೆ ಕಾಯುತ್ತಿದ್ದೆ. ಬೈಯಲಿಲ್ಲ. "ಇದು ಬೇಕಾ ಅಂತ ಅವಳನ್ನ ಕೇಳಿದ್ಯೇನೋ?" ಎಂದಳು. ಇಲ್ಲ, ಬಂದಾಗ ನೋಡಿ ಆಶ್ಚರ್ಯಪಡಲಿ ಅಂತ ಮಾಡಿಸಿದೆ ಎಂದೆ. "ಮೈ ಅಳತೆ ತಗೊಳ್ದೆ ಯಾರಿಗಾದ್ರೂ ಅಂಗಿ ಹೊಲಿದಿದ್ದೀಯಾ ನೀನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದಳು.

ಆಮೇಲೆ ನಿನ್ನ ಪತ್ರವನ್ನು ತೆಗೆದು ಮತ್ತೆ ಓದಿದೆ. ಮೊದಲ ಸಲ ಓದುವಾಗ ಎಲ್ಲಾದರೂ "ಬರ್ತೀನಿ" ಎಂದಿದೆಯೇ ಎಂದು ಮಾತ್ರ ಹುಡುಕಿದ್ದೆ. ಈ ಸಲ ಪೂರ್ತಿ ಓದಿದೆ. ಬೆಳಿಗ್ಗೆ ನೀನೇ ಬೀಗ ತೆಗೆಯುವುದು, ಇಡೀ ಕಟ್ಟಡ ನಿನ್ನ ದಾರಿ ಕಾಯುತ್ತಿತ್ತು ಎಂದು ಅನ್ನಿಸುವುದು. ಓದು ಬಾರದ ಮುದುಕರಿಗೆ ವಾರಕ್ಕೊಮ್ಮೆ ನೀನು ಗಟ್ಟಿಯಾಗಿ ಓದಿ ಹೇಳುವುದು, ಕಥೆ ಮುಗಿದ ಮೇಲೂ ಅವರು ಏಳದೇ ಕೂರುವುದು. ಹದಿನಾಲ್ಕು ವರ್ಷದಲ್ಲಿ ನೀನು ನನಗೆ ಬರೆದ, ಹೇಳಿದ ಯಾವ ಮಾತಿನಲ್ಲೂ ಇಷ್ಟು ಬೆಳಕು ಇರಲಿಲ್ಲ. ಸಂತೋಷವೂ ಆಯಿತು, ಬೇಸರವೂ ಆಯಿತು. ಎರಡನ್ನೂ ಬರೆದುಬಿಟ್ಟಿದ್ದೇನೆ, ನೋಡು, ಬೀಗ ಹಾಕಿದ ಬಾಯಿ ಎಲ್ಲಿಗೆ ಬಂತು. ಇನ್ನು ನಿಲ್ಲಿಸುತ್ತೇನೆ.

ಹೊತ್ತುಹೊತ್ತಿಗೆ ಊಟ ಮಾಡು. ಏಣಿ ಹತ್ತುವಾಗ ಕೈಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬೇಡ. ನಿನ್ನ ಅತ್ತೆ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ಬಿಸಿನೀರು ಕುಡಿಯಬೇಕಂತೆ.

ನಿನ್ನವನೇ ಆದ
ಟೈಲರ್

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಟೀಪಾಯಿಯನ್ನು ಬಡಗಿಗೇ ವಾಪಸು ಕೊಟ್ಟುಬಿಡುತ್ತೇನೆ, ಯಾರಾದರೂ ದೊಡ್ಡ ಮನೆಯವರು ಕೊಳ್ಳಲಿ. ನೀನು ಮಾತ್ರ ಗ್ರಂಥಾಲಯದ ಹಿಂದೆ ನಿನಗೆ ಇರಲು ಕೊಟ್ಟಿರುವ ಆ ಎರಡು ಕೋಣೆಗಳ ಅಳತೆ ಬರೆದು ಕಳಿಸು: ಉದ್ದ, ಅಗಲ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ. ಅಲ್ಲಿ ಒಂದು ಹೊಲಿಗೆ ಯಂತ್ರ, ಒಬ್ಬಳು ಮುದುಕಿ, ಒಬ್ಬ ಟೈಲರ್ ಹಿಡಿಸುತ್ತಾರೆಯೇ ನೋಡಬೇಕು. ಹರಿದ ಅಂಗಿ ಇಲ್ಲದ ಊರು ಎಲ್ಲೂ ಇಲ್ಲ, ನನ್ನ ಹೊಟ್ಟೆಪಾಡಿನ ಯೋಚನೆ ಬೇಡ. ಅಮ್ಮನನ್ನು ಕೇಳಿದೆ; "ನನ್ನ ಕೇಳೋದೇನು, ಅವಳನ್ನ ಕೇಳು" ಎಂದಳು. ಅದಕ್ಕೇ ಕೇಳುತ್ತಿದ್ದೇನೆ. ನಿನಗೆ ಅಲ್ಲಿ ಒಬ್ಬಳೇ ಇರುವುದೇ ಹಿತವಾಗಿದ್ದರೆ ಅಳತೆ ಕಳಿಸಬೇಡ, ನನಗೆ ಅರ್ಥವಾಗುತ್ತದೆ, ಮುನಿಸಿಕೊಳ್ಳುವುದಿಲ್ಲ. ನಾವು ಬರಬಹುದು ಅನ್ನಿಸಿದರೆ, ಕೋಣೆ ಎಷ್ಟೇ ಚಿಕ್ಕದಾಗಿರಲಿ, ಒಂದೆರಡು ಅಡಿ ಸೇರಿಸಿ ಸುಳ್ಳು ಬರೆ.