ಗುಂಡಿಗೆ ಸಿಕ್ಕಿಸಿದ ಚರ್ಮ

ಕಾರ್ಖಾನೆ ವಸತಿಗೃಹ, ಮನೆ ನಂಬರ್ ೧೪
ಮಾರ್ಚ್ ೧೪, ಶನಿವಾರ

ಪ್ರೀತಿಯ ಅಕ್ಕಾ,

ಪ್ರೀತಿಯ ಅಂತ ಬರೆದದ್ದು ರೂಢಿಯಿಂದ, ಅದಕ್ಕೇ ಹಿಗ್ಗಬೇಡ. ಹೇಗಿದ್ದೀಯ? ಸೊಂಟದ ನೋವು ಪರವಾಗಿಲ್ಲವೇ? ನಮ್ಮ ಕಂಪನಿಯ ಆ ಇನ್ನೊಂದು ಕಾರ್ಖಾನೆಯಲ್ಲಿ, ನೀನು ಈಗಿರುವಲ್ಲಿ, ಕೆಲಸ ಕಲಿಸುವವರಿಗೆ ಕುರ್ಚಿ ಕೊಡುತ್ತಾರಂತೆ. ಇಲ್ಲಿ ಹದಿನೆಂಟು ವರ್ಷ ನಿಂತ ಕಾಲಿಗೆ ಅಷ್ಟಾದರೂ ಸಿಗಲಿ. ಭಾವನ ಕೆಮ್ಮು ಇಳಿಯಿತೇ? ಇಲ್ಲಿ ನಿನ್ನ ಮಗಳು ಚಿನಕುರಳಿ ಚೆನ್ನಾಗಿದ್ದಾಳೆ. ಹೊಲಿಗೆ ವಿಭಾಗದಲ್ಲಿ ದಿನವಿಡೀ ದಾರದ ತುದಿ ಕತ್ತರಿಸುವುದು ಬೇಜಾರು ಅಂತ ಗೊಣಗುತ್ತಾಳೆ, ಗೊಣಗುತ್ತಲೇ ಎರಡು ತಟ್ಟೆ ಊಟ ಮಾಡುತ್ತಾಳೆ. ನನ್ನ ಜಡೆ ಹೆಣೆಯುವವಳೂ ಈಗ ಅವಳೇ. ನನ್ನ ಎಡಗೈ ಹೇಗಿದೆ ಅಂತ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ತೋರುಬೆರಳು, ನಡುಬೆರಳು ಎರಡೂ ಚರ್ಮ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಬುಡದಿಂದಲೇ ಹೋದವು. ಗಾಯ ಒಣಗಿದೆ. ಇಲ್ಲದ ಬೆರಳು ಈಗಲೂ ತುರಿಸುತ್ತದೆ, ಕೆರೆಯಲು ಹೋದರೆ ಕೈಗೆ ಏನೂ ಸಿಗುವುದಿಲ್ಲ.

ಫೋನ್ ಮಾಡಿ ಮಾಡಿ ಸಾಕಾಯಿತು, ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಸಂಜೆ ನಿಮ್ಮ ಕಾರ್ಖಾನೆಗೆ ಹೊರಡುವ ಲಾರಿಯ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ, ನಾಳೆ ಬೆಳಿಗ್ಗೆ ನಿನಗೆ ತಲುಪುತ್ತದೆ. ಗುರುವಾರ ನನ್ನ ಅಪಘಾತದ ವಿಚಾರಣೆಯಲ್ಲಿ ನೀನು ಬರೆದುಕೊಟ್ಟ ಹೇಳಿಕೆ ಓದಿದರು. ತಂಗಿಗೆ ಯಂತ್ರದ ಎರಡೂ ಗುಂಡಿ ಒತ್ತಿಯೇ ಕೆಲಸ ಮಾಡಲು ಕಲಿಸಿದ್ದೀಯಂತೆ. ಗುಂಡಿಗೆ ಏನಾದರೂ ಸಿಕ್ಕಿಸುವುದನ್ನು ನೀನು ಕಂಡೂ ಇಲ್ಲವಂತೆ, ಕೇಳಿಯೂ ಇಲ್ಲವಂತೆ. ತಂಗಿಗೆ ಮೊದಲಿನಿಂದಲೂ ಗಮನ ಕಡಿಮೆಯಂತೆ. ಅಬ್ಬಾ ಅಕ್ಕಾ! ಕೆಳಗೆ ನಿನ್ನ ಸಹಿ ಬೇರೆ, ಕೊನೆಯಲ್ಲಿ ಬಾಲ ಎಳೆದು.

ನೀನು ಕಲಿಸಿದ್ದನ್ನೆಲ್ಲ ನಾನು ಮರೆತಿಲ್ಲ. ಚರ್ಮವನ್ನು ಹೆಬ್ಬೆರಳಲ್ಲಿ ಎಳೆದು ನೋಡುವುದು ಕಲಿಸಿದೆ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ, ಶೂನ ಮೂತಿಗೆ ಯಾವತ್ತೂ ಬೆನ್ನೇ ಆಗಬೇಕು ಅಂದೆ. ಎಡಗಾಲಿನದನ್ನೂ ಬಲಗಾಲಿನದನ್ನೂ ಅಕ್ಕಪಕ್ಕದಲ್ಲೇ ಕತ್ತರಿಸು, ಇಲ್ಲದಿದ್ದರೆ ಬಣ್ಣ ಹೊಂದುವುದಿಲ್ಲ ಅಂದೆ. ದನಕ್ಕೆ ಉಣ್ಣೆ ಹುಳು ಕಚ್ಚಿದ ಕಲೆ, ತಂತಿ ಗೀರಿದ ಗುರುತು ಇವನ್ನೆಲ್ಲ ಕಣ್ಣು ಮುಚ್ಚಿ ಬೆರಳಲ್ಲೇ ಹುಡುಕುವುದನ್ನು ನಿನ್ನಿಂದಲೇ ಕಲಿತೆ. ಆ ಬೆರಳುಗಳೇ ಈಗ ಇಲ್ಲ. ಆಮೇಲೆ ಆರನೆಯ ದಿನ, ಇದೇ ಮನೆಯ ಊಟದ ಮೇಜಿನ ಮೇಲೆ, ಬೆರಳಗಲದ ಚರ್ಮದ ತುಂಡನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟೆ. "ಎಡಗಡೆ ಗುಂಡಿ ಸಂದಿಗೆ ಇದನ್ನ ತುರುಕು. ಅದು ಒತ್ತಿಕೊಂಡೇ ಇರುತ್ತೆ. ಎಡಗೈ ಖಾಲಿಯಾಗುತ್ತೆ, ಕೆಲಸ ಓಡುತ್ತೆ" ಅಂದೆ. ಎರಡೂ ಕೈ ಗುಂಡಿಯ ಮೇಲಿರಲಿ, ಅಚ್ಚನ್ನು ಒತ್ತಿ ಚರ್ಮ ಕತ್ತರಿಸುವ ಕಬ್ಬಿಣದ ತೋಳಿನ ಕೆಳಗೆ ಯಾವ ಕೈಯೂ ಸಿಗದಿರಲಿ ಅಂತ ತಾನೇ ಯಂತ್ರಕ್ಕೆ ಎರಡು ಗುಂಡಿ ಇಟ್ಟದ್ದು? ನಾನು ಹಾಗೆ ಕೇಳಿದ್ದಕ್ಕೆ ನೀನು ಗೊಳ್ಳೆಂದು ನಕ್ಕೆ.

ಎಡಗೈಯಲ್ಲಿ ಚರ್ಮದ ಮೇಲೆ ಅಚ್ಚು ಜೋಡಿಸುತ್ತ ಬಲಗೈಯಲ್ಲಿ ತೋಳು ಎಳೆದು ಗುಂಡಿ ಒತ್ತುವ ನಿನ್ನ ವೇಗ ನೋಡಿ ಮೇಸ್ತ್ರಿ ಎಲ್ಲರಿಗೂ ದಿನಕ್ಕೆ ಅಷ್ಟೇ ಆಗಬೇಕು ಅಂತ ಲೆಕ್ಕ ಕಟ್ಟಿದ. ಯಂತ್ರ ಅಷ್ಟು ಕೊಡುತ್ತದೆ ಅಂದ. ಯಂತ್ರ ಎಲ್ಲಿ ಕೊಟ್ಟಿತು, ಆ ತುಂಡು ಕೊಟ್ಟಿತು! ತುಂಡಿಲ್ಲದೆ ಕೆಲಸ ಮಾಡಿದವಳು ಸೋಮಾರಿ ಅನ್ನಿಸಿಕೊಂಡಳು. ಹೊರಗಿನವರು ನೋಡಲು ಬಂದ ದಿನ ಎಲ್ಲರ ತುಂಡೂ ಏಪ್ರನ್ ಜೇಬಿಗೆ, ಹೋದ ಮೇಲೆ ಮತ್ತೆ ಗುಂಡಿಗೆ.

ಬೆರಳು ಹೋದ ದಿನ ನನ್ನ ಗಮನ ಎಲ್ಲಿತ್ತು ಅಂತ ನಿನಗೆ ಹೇಳಬೇಕು. ಕೆಲಸದ ಮೇಲೇ ಇತ್ತು. ಕಂದು ಚರ್ಮ, ಬೆನ್ನಿನ ಮೇಲೊಂದು ಗೀರು, ಅದು ಮೂತಿಗೆ ಬರಬಾರದು ಅಂತ ಅಚ್ಚನ್ನು ಎಡಗೈಯಲ್ಲಿ ಒಂದು ಕೂದಲೆಳೆಯಷ್ಟು ಸರಿಸುತ್ತಿದ್ದೆ. ಅಷ್ಟರಲ್ಲಿ ಅಭ್ಯಾಸವಾದ ಬಲಗೈ ತೋಳನ್ನು ಎಳೆದು ಗುಂಡಿ ಒತ್ತಿಬಿಟ್ಟಿತು. ನಾನು ಕಿರುಚಿದೆ. ಮೇಸ್ತ್ರಿ ಓಡಿ ಬಂದು ಮೊದಲು ಮಾಡಿದ್ದೇನು ಗೊತ್ತೇ? ಗುಂಡಿಯಿಂದ ಆ ತುಂಡು ಕಿತ್ತು ಜೇಬಿಗೆ ಹಾಕಿಕೊಂಡ. ಬಟ್ಟೆ ತನ್ನಿ ಅಂತ ಕೂಗಿದ್ದು ಆಮೇಲೆ. ನೀನೂ ಅವನೂ ಚೆನ್ನಾಗಿ ಹೊಂದಿಕೊಂಡಿದ್ದೀರಿ.

ಬುಧವಾರ ವಿಚಾರಣೆ ಮುಗಿಯುತ್ತದೆ. ತಪ್ಪು ನನ್ನದೇ ಅಂತ ತೀರ್ಮಾನವಾದರೆ ಕೆಲಸವೂ ಇಲ್ಲ, ಈ ಮನೆಯೂ ಇಲ್ಲ. ಹಾಗೆ ಕಲಿಸಿದ್ದು ನಾನೇ, ಎಲ್ಲರೂ ಹಾಗೇ ಮಾಡುತ್ತಿದ್ದರು ಅಂತ ಎರಡು ಸಾಲು ಬರೆದುಕೊಡು, ಸಾಕು. ನಿನ್ನ ಕುರ್ಚಿ ಹೋಗಬಹುದು, ಗೊತ್ತು. ಬೇಡಿಕೊಳ್ಳಲು ನನಗೂ ನಾಚಿಕೆಯಾಗುತ್ತಿದೆ, ಆದರೂ ಬೇಡುತ್ತಿದ್ದೇನೆ. ಚಿಕ್ಕವಳಿದ್ದಾಗ ನಾನು ಒಡೆದ ಪಾತ್ರೆಗೆಲ್ಲ ನೀನೇ ಬೈಸಿಕೊಳ್ಳುತ್ತಿದ್ದೆಯಲ್ಲ, ಆ ಅಕ್ಕ ಎಲ್ಲಿಗೆ ಹೋದಳು?

ಭಾವನಿಗೆ ನನ್ನ ನಮಸ್ಕಾರ ಹೇಳು. ಆರೋಗ್ಯ ನೋಡಿಕೋ.

ನಿನ್ನ ಎಂಟು ಬೆರಳಿನ ತಂಗಿ

ಮರೆಯುವ ಮೊದಲು: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಚಿನಕುರಳಿ ಈಗ ತಾನೇ ಪಾಳಿ ಮುಗಿಸಿ ಕುಣಿಯುತ್ತ ಬಂದಳು. ಸೋಮವಾರದಿಂದ ಅವಳನ್ನು ಚರ್ಮ ಕತ್ತರಿಸುವ ಕೆಲಸಕ್ಕೆ ಹಾಕಿದ್ದಾರೆ, ನನ್ನದೇ ಯಂತ್ರಕ್ಕೆ. ಹೊಸ ಏಪ್ರನ್ನಿನ ಜೇಬಿನಲ್ಲಿ ಆಗಲೇ ಚರ್ಮದ ತುಂಡು, ನಾಲ್ಕು ಮಡಿಕೆ, ನಿನ್ನದರ ಹಾಗೇ. ಗದರಿದೆ, ಈ ಕೈ ತೋರಿಸಿದೆ. ನಕ್ಕುಬಿಟ್ಟಳು. "ಅಯ್ಯೋ ಚಿಕ್ಕಮ್ಮ, ಅಮ್ಮ ಹದಿನೆಂಟು ವರ್ಷ ಹಾಕಿದ್ಲು, ಅವಳ ಹತ್ತು ಬೆರಳೂ ನೆಟ್ಟಗಿದಾವಲ್ಲ. ನಿಮಗೆ ಗಮನ ಕಡಿಮೆ ಅಂತ ಅವಳೇ ಬರೆದಿದಾಳೆ. ಮೇಸ್ತ್ರಿ ಇವತ್ತು ನಮಗೆಲ್ಲ ಓದಿ ಹೇಳಿದ್ರು" ಅಂದಳು. ನನ್ನ ಮಾತು ಅವಳ ಕಿವಿಗೆ ಬೀಳುವುದಿಲ್ಲ ಅಕ್ಕಾ, ನಿನ್ನ ಮಾತನ್ನು ನಂಬಿದ್ದಾಳೆ. ನನ್ನ ವಿಚಾರಣೆ ಹಾಳಾಗಿ ಹೋಗಲಿ. ಸೋಮವಾರ ಬೆಳಿಗ್ಗೆ ಆರಕ್ಕೆ ಅವಳ ಪಾಳಿ, ಅಷ್ಟರೊಳಗೆ ಬಂದು ನಿನ್ನ ಬಾಯಿಂದಲೇ ನಿಜ ಹೇಳು. ಆ ತುಂಡನ್ನು ಕಿತ್ತುಕೊಂಡು ಈ ಲಕೋಟೆಯಲ್ಲಿಟ್ಟಿದ್ದೇನೆ. ಇನ್ನೊಂದನ್ನು ಮಡಚಲು ಎಷ್ಟು ಹೊತ್ತು ಬೇಕು ಅಂತ ನಿನಗೇ ಗೊತ್ತು.